ಮಕ್ಕಳು, ಅಜ್ಜಿ-ತಾತನ ಜೊತೆ ಅಲಾಸ್ಕಾ ಕ್ರೂಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಕನ್ನಡದವರ ಮನೆಗಳಲ್ಲಿ ಹೊಸ ವರ್ಷ ಕಳೆಯುತ್ತಿದ್ದಂತೆ ಈ ಮಾತು ಶುರುವಾಗುತ್ತದೆ. ಊರಿಂದ ಅಪ್ಪ-ಅಮ್ಮ ಬರುತ್ತಾರೆ, ಮಕ್ಕಳಿಗೆ ಬೇಸಿಗೆ ರಜೆ, ಎಲ್ಲರೂ ಒಟ್ಟಿಗೆ ಎಲ್ಲಾದರೂ ಹೋಗೋಣ ಅಂತ. ಅಲಾಸ್ಕಾ ಅಂದ ತಕ್ಷಣ ಬರುವ ಮೊದಲ ಪ್ರಶ್ನೆ "ಯಾವ ಹಡಗು ಚೆನ್ನಾಗಿದೆ?" ನನ್ನ ಕೇಳಿದರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಈಜುಕೊಳ, ಮ್ಯಾಜಿಕ್ ಶೋ ಹೆಚ್ಚುಕಡಿಮೆ ಎಲ್ಲ ದೊಡ್ಡ ಹಡಗಿನಲ್ಲೂ ಇರುತ್ತವೆ. ಹಡಗು ಯಾವ ದಾರಿಯಲ್ಲಿ ಹೋಗುತ್ತದೆ, ಯಾವ ಹಿಮನದಿಯ ಮುಂದೆ ನಿಲ್ಲುತ್ತದೆ, ಊರುಗಳಲ್ಲಿ ಎಷ್ಟು ಹೊತ್ತು ಬಿಡುತ್ತದೆ, ಅದನ್ನು ಮೊದಲು ನೋಡಿ. ಉಳಿದದ್ದು ಕೆಳಗಿದೆ.

ಯಾವ ತಿಂಗಳು ಹೋದರೆ ಒಳ್ಳೆಯದು?

ಹಡಗುಗಳು ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಮೊದಲ ವಾರಗಳವರೆಗೆ ಓಡುತ್ತವೆ. ಅಮೆರಿಕದ ಶಾಲೆಗಳಿಗೆ ರಜೆ ಇರುವ ಜೂನ್, ಜುಲೈ, ಆಗಸ್ಟ್‌ನಲ್ಲಿ ದರವೂ ಜಾಸ್ತಿ, ಜನವೂ ಜಾಸ್ತಿ.

ಕರ್ನಾಟಕದಿಂದಲೇ ಹೊರಡುವವರಿಗೆ ಒಂದು ಅನುಕೂಲ ಇದೆ. ನಮ್ಮ ಮಕ್ಕಳ ರಜೆ ಏಪ್ರಿಲ್-ಮೇ. ಅಲಾಸ್ಕಾದ ಆಗ್ನೇಯ ಕರಾವಳಿಯಲ್ಲಿ ಮೇ ತಿಂಗಳಲ್ಲಿ ಮಳೆ ಕಡಿಮೆ. ಬೆಟ್ಟಗಳ ತಲೆ ಮೇಲೆ ಇನ್ನೂ ಹಿಮ ಇರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಟಿಕೆಟ್ ದರವೂ ಇಳಿದಿರುತ್ತದೆ. ಹಂಪ್‌ಬ್ಯಾಕ್ ತಿಮಿಂಗಿಲಗಳು ಅಷ್ಟರಲ್ಲಿ ಬಂದಿರುತ್ತವೆ. ಇಲ್ಲದಿರುವುದು ಒಂದೇ, ಮೊಟ್ಟೆಯಿಡಲು ತೊರೆಗಳಿಗೆ ನುಗ್ಗಿ ಬರುವ ಸಾಲ್ಮನ್ ಮೀನಿನ ಓಟ. ಅದಕ್ಕೆ ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಕಾಯಬೇಕು. ತೊರೆಗಳಲ್ಲಿ ಮೀನು ಹಿಡಿಯುವ ಕರಡಿ ನೋಡಲೇಬೇಕು ಅಂದರೆ ಜುಲೈ ಕೊನೆ ಅಥವಾ ಆಗಸ್ಟ್. ಸೆಪ್ಟೆಂಬರ್‌ನಲ್ಲಿ ದರ ಮತ್ತೆ ಇಳಿಯುತ್ತದೆ, ಮಳೆ ಏರುತ್ತದೆ.

ಜೂನ್‌ನಲ್ಲಿ ಹೋದವರಿಗೆ ಇನ್ನೊಂದು ಮಜಾ. ಜೂನೋ ಊರಿನಲ್ಲಿ 18 ಗಂಟೆಗೂ ಜಾಸ್ತಿ ಬೆಳಕು. ರಾತ್ರಿ ಹತ್ತಕ್ಕೆ ಸೂರ್ಯ ಮುಳುಗುತ್ತಾನೆ. ಮಕ್ಕಳನ್ನು ಮಲಗಿಸುವುದು ಮಾತ್ರ ಕಷ್ಟ.

ಸಿಯಾಟಲ್‌ನಿಂದ ಹೋಗುವುದಾ, ಕೆನಡಾದ ವ್ಯಾಂಕೂವರ್‌ನಿಂದಲಾ?

ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಏಳು ರಾತ್ರಿಯ ಪ್ರವಾಸವೇ ಹೆಚ್ಚು ಜನ ಆರಿಸುವುದು. ವಿಮಾನದ ಟಿಕೆಟ್ ಸಲೀಸು, ಲಗೇಜ್ ಒಂದೇ ಕಡೆ. ಆದರೆ ದೊಡ್ಡ ಹಡಗುಗಳು ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ಅಂದರೆ ತೆರೆದ ಪೆಸಿಫಿಕ್ ಕಡೆಯಿಂದ ಹೋಗುತ್ತವೆ. ಮೊದಲ ಮತ್ತು ಕೊನೆಯ ದಿನ ಅಲೆ ಸ್ವಲ್ಪ ಆಡಿಸುತ್ತದೆ.

ವ್ಯಾಂಕೂವರ್‌ನಿಂದ ಹೊರಡುವ ಹಡಗು ದ್ವೀಪದ ಒಳಗಡೆಯ ಕಿರಿದಾದ ನೀರಿನ ದಾರಿ ಹಿಡಿಯುತ್ತದೆ. ಎರಡೂ ಕಡೆ ಕಾಡು, ಬೆಟ್ಟ, ಸಮುದ್ರ ತಣ್ಣಗೆ. ವಯಸ್ಸಾದವರಿಗೆ, ತಲೆ ಸುತ್ತುವವರಿಗೆ ಇದೇ ವಾಸಿ. ವ್ಯಾಂಕೂವರ್‌ನಿಂದ ಉತ್ತರಕ್ಕೆ ಹೋಗಿ ಅಲಾಸ್ಕಾದ ವಿಟಿಯರ್ ಅಥವಾ ಸೂವರ್ಡ್ ಬಂದರಿನಲ್ಲಿ ಇಳಿಯುವ ಒಂದೇ ದಿಕ್ಕಿನ ಪ್ರವಾಸವೂ ಇದೆ. ಅಲ್ಲಿಂದ ಆಂಕರೇಜ್ ನಗರ, ಡೆನಾಲಿ ಶಿಖರದ ರಾಷ್ಟ್ರೀಯ ಉದ್ಯಾನ ನೋಡಿಕೊಂಡು ವಿಮಾನ ಹತ್ತಬಹುದು. ನೋಡಲು ಸಿಗುವುದು ಜಾಸ್ತಿ, ವಿಮಾನದ ಖರ್ಚೂ ಜಾಸ್ತಿ.

ಸಿಯಾಟಲ್‌ನಿಂದ ಸಿಯಾಟಲ್‌ಗೆ ಹೋಗಿ ಬಂದರೂ ಕೆನಡಾ ವೀಸಾ ಬೇಕಾ?

ಬೇಕು. ಅತಿ ಹೆಚ್ಚು ಜನ ಎಡವುವುದು ಇಲ್ಲೇ.

1886ರ ಒಂದು ಅಮೆರಿಕನ್ ಕಾನೂನಿನ ಪ್ರಕಾರ, ವಿದೇಶಿ ಬಾವುಟ ಹಾರಿಸುವ ಹಡಗು ಅಮೆರಿಕದ ಬಂದರಿನಿಂದ ಹೊರಟು ಬರೀ ಅಮೆರಿಕದ ಬಂದರುಗಳನ್ನೇ ಮುಟ್ಟಿ ವಾಪಸ್ ಬರುವಂತಿಲ್ಲ. ನಡುವೆ ಒಂದು ಪರದೇಶದ ಬಂದರು ಬೇಕೇ ಬೇಕು. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಡಿಮೆ ಎಲ್ಲವೂ ಬಹಾಮಾಸ್, ಬರ್ಮುಡಾ, ನೆದರ್‌ಲ್ಯಾಂಡ್ಸ್ ಥರದ ದೇಶಗಳಲ್ಲಿ ನೋಂದಣಿಯಾದವು. ಅದಕ್ಕೇ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲಿಸುತ್ತಾರೆ.

ಭಾರತದ ಪಾಸ್‌ಪೋರ್ಟ್ ಇದ್ದು ಅಮೆರಿಕದಲ್ಲಿ ವಿಸಿಟರ್ ಅಥವಾ ಕೆಲಸದ ವೀಸಾದ ಮೇಲೆ ಇರುವವರಿಗೆ ಕೆನಡಾದ ವಿಸಿಟರ್ ವೀಸಾ ಬೇಕು. "ನಾವು ವಿಕ್ಟೋರಿಯಾದಲ್ಲಿ ಇಳಿಯೋದೇ ಇಲ್ಲ" ಅಂದರೂ ಹಡಗಿನವರು ಬಂದರಿನಲ್ಲೇ ತಡೆಯುತ್ತಾರೆ, ಹಣ ವಾಪಸ್ ಬರುವುದಿಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಆ ಕಾರ್ಡ್ ಮತ್ತು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಸಾಕು.

ಅಪ್ಪ-ಅಮ್ಮ ಇನ್ನೂ ಊರಲ್ಲಿದ್ದರೆ ಬೆಂಗಳೂರಿನಲ್ಲೇ ಬೆರಳಚ್ಚು ಕೊಟ್ಟು ಕೆನಡಾ ವೀಸಾ ಮುಗಿಸಿಕೊಂಡು ಬರಲಿ. ಇಲ್ಲಿಗೆ ಬಂದ ಮೇಲೂ ಅರ್ಜಿ ಹಾಕಬಹುದು, ಆದರೆ ಪಾಸ್‌ಪೋರ್ಟ್ ಕಳಿಸಿ, ಕಾದು, ವಾಪಸ್ ತರಿಸಿಕೊಳ್ಳುವಷ್ಟರಲ್ಲಿ ಎಲ್ಲರ ಬಿಪಿ ಏರಿರುತ್ತದೆ. ಅಮೆರಿಕದ ವೀಸಾ ಹಲವು ಸಲ ಒಳಬರಲು ಅವಕಾಶ ಇರುವಂಥದ್ದೇ ಅಂತಲೂ ನೋಡಿಕೊಳ್ಳಿ. ಅಲಾಸ್ಕಾ ಮುಗಿಸಿ ಬರುವಾಗ ಮತ್ತೆ ಅಮೆರಿಕಕ್ಕೆ ಒಳಬರಬೇಕಲ್ಲ.

ಕ್ರೂಸ್ ಹೋಗಿ ಬಂದರೆ ಅಪ್ಪ-ಅಮ್ಮನಿಗೆ ಮತ್ತೆ ಆರು ತಿಂಗಳು ಸಿಗುತ್ತದಂತೆ, ಹೌದಾ?

ಅದನ್ನು ನಂಬಿಕೊಂಡು ಹೋಗಬೇಡಿ. ಕೆನಡಾಕ್ಕೆ 30 ದಿನದೊಳಗೆ ಹೋಗಿ ಬಂದವರು ಸಾಮಾನ್ಯವಾಗಿ ಹಳೆಯ ಐ-94 (ಅಮೆರಿಕದಲ್ಲಿ ಯಾವಾಗಿನವರೆಗೆ ಇರಬಹುದು ಅನ್ನುವ ದಾಖಲೆ) ಮೇಲೆಯೇ ಒಳಬರುತ್ತಾರೆ. ಅದರಲ್ಲಿರುವ ತಾರೀಖೇ ಲೆಕ್ಕ.

ಪಾಸ್‌ಪೋರ್ಟ್‌ನಲ್ಲಿರುವ ನನ್ನ ಎಚ್-1ಬಿ (ಕೆಲಸದ ವೀಸಾ) ಸ್ಟಾಂಪ್ ಮುಗಿದಿದೆ. ಹೋಗಬಹುದಾ?

ಐ-94 ಚಾಲ್ತಿಯಲ್ಲಿದ್ದು, ಕೆನಡಾದಲ್ಲಿ 30 ದಿನಕ್ಕಿಂತ ಕಡಿಮೆ ಇದ್ದು, ಅಲ್ಲಿ ಹೊಸ ಅಮೆರಿಕನ್ ವೀಸಾಗೆ ಅರ್ಜಿ ಹಾಕದೇ ಬಂದರೆ, ಹಳೆಯ ಸ್ಟಾಂಪ್ ಮೇಲೆಯೇ ಒಳಬಿಡುವ ನಿಯಮ ಒಂದಿದೆ. ಅದನ್ನು ಆಟೊಮ್ಯಾಟಿಕ್ ರೀವ್ಯಾಲಿಡೇಷನ್ ಅನ್ನುತ್ತಾರೆ. ಬುಕ್ ಮಾಡುವ ಮೊದಲು ನಿಮ್ಮ ಕಂಪನಿಯ ವಕೀಲರ ಹತ್ತಿರ ಒಂದು ಮಾತು ಕೇಳಿ. ಹಡಗು ಹತ್ತುವ ಕೌಂಟರ್‌ನಲ್ಲಿ ತೋರಿಸಲು ಆ ನಿಯಮದ ಪ್ರಿಂಟ್ ಕೈಯಲ್ಲಿರಲಿ.

ಯಾವ ಹಿಮನದಿ ಇರುವ ಕ್ರೂಸ್ ಆರಿಸಬೇಕು?

ನನ್ನ ಮಟ್ಟಿಗೆ ಇಡೀ ಪ್ರವಾಸದ ಮುಖ್ಯ ಪ್ರಶ್ನೆ ಇದು. ಬ್ರೋಷರ್‌ನಲ್ಲಿ ಎಲ್ಲರೂ "ಗ್ಲೇಸಿಯರ್ ವೀಕ್ಷಣೆ" ಅಂತಲೇ ಹಾಕಿರುತ್ತಾರೆ. ಯಾವ ಗ್ಲೇಸಿಯರ್ ಅಂತ ಕೇಳಿ.

ಮೊದಲನೆಯದು ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡೇ ಎರಡು ಕ್ರೂಸ್ ಹಡಗಿಗೆ ಪ್ರವೇಶ. ಹಾಗಾಗಿ ಎಲ್ಲ ಕಂಪನಿಗಳಿಗೂ ಸಿಗುವುದಿಲ್ಲ. ಪ್ರಿನ್ಸೆಸ್ ಮತ್ತು ಹಾಲೆಂಡ್ ಅಮೆರಿಕ ಹಡಗುಗಳಿಗೆ ಜಾಸ್ತಿ ಸಿಗುತ್ತದೆ, ನಾರ್ವೇಜಿಯನ್‌ಗೂ ಸ್ವಲ್ಪ. ಬೆಳಿಗ್ಗೆ ಪಾರ್ಕಿನ ರೇಂಜರ್‌ಗಳು ಹಡಗಿಗೇ ಹತ್ತಿ, ಮೈಕ್‌ನಲ್ಲಿ ಇಡೀ ದಿನ ವಿವರಿಸುತ್ತಾರೆ. ಎಲ್ಲೂ ಇಳಿಯುವುದಿಲ್ಲ, ಡೆಕ್ ಮೇಲೆಯೇ ದಿನ ಕಳೆಯುತ್ತದೆ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರನ ತಂಡದವರು ಬಂದಾಗ ಈ ಕೊಲ್ಲಿಯೇ ಹೆಚ್ಚುಕಡಿಮೆ ಇರಲಿಲ್ಲ, ಬಾಯಿಯವರೆಗೂ ಮಂಜುಗಡ್ಡೆ. ಈಗ ಬಾಯಿಯಿಂದ ಸುಮಾರು 105 ಕಿಲೋಮೀಟರ್ ಒಳಗೆ ಹೋದರೆ ಮಾತ್ರ ಸಮುದ್ರ ಮುಟ್ಟುವ ಹಿಮನದಿ ಸಿಗುತ್ತದೆ. ಅದರ ಹಿಂದೆ ಇನ್ನೊಂದು ಕಥೆಯೂ ಇದೆ. ಮಂಜು ಮುಂದೆ ನುಗ್ಗಿ ಬಂದಾಗ ಇಲ್ಲಿದ್ದ ಮೂಲನಿವಾಸಿಗಳಾದ ಹೂನಾ ಟ್ಲಿಂಗಿಟ್ ಜನ ಊರು ಬಿಟ್ಟು ಹೋಗಬೇಕಾಯಿತು. 2016ರಲ್ಲಿ ಇದೇ ಪಾರ್ಕಿನ ಬಾರ್ಟ್ಲೆಟ್ ಕೋವ್‌ನಲ್ಲಿ ಅವರ ಕುಲದ ಮನೆ ಮತ್ತೆ ಎದ್ದು ನಿಂತಿತು.

ಮಾರ್ಜರೀ ಹಿಮನದಿಯ ಮುಂದೆ ಹಡಗು ಎಂಜಿನ್ ತಗ್ಗಿಸಿ ನಿಲ್ಲುತ್ತದೆ. ನೀರು ಹಾಲು ಬೆರೆಸಿದ ಹಾಗೆ ಮಸುಕು ಹಸಿರು. ಗೋಡೆಯ ಬಿರುಕುಗಳೊಳಗೆ ಮಾತ್ರ ಗಾಢ ನೀಲಿ. ಒತ್ತಿ ಒತ್ತಿ ಗಟ್ಟಿಯಾದ ಮಂಜು ಬೆಳಕಿನಲ್ಲಿರುವ ಕೆಂಪನ್ನು ಹೀರಿಕೊಂಡು ನೀಲಿಯನ್ನು ಬಿಡುತ್ತದೆ, ಅದಕ್ಕೆ ಹಾಗೆ. ಒಂದು ತುಂಡು ಕಳಚಿ ಬೀಳುತ್ತದೆ, ಏನೂ ಸದ್ದಿಲ್ಲ. ಎರಡು-ಮೂರು ಸೆಕೆಂಡ್ ಆದ ಮೇಲೆ ಗುಡುಗು. ಸದ್ದು ಕೇಳಿ ಕ್ಯಾಮೆರಾ ಎತ್ತಿದರೆ ಆಗಲೇ ತಡ. ಆದ್ದರಿಂದ ಮಕ್ಕಳಿಗೆ ಒಬ್ಬೊಬ್ಬರಿಗೂ ಗೋಡೆಯ ಒಂದೊಂದು ಭಾಗ ಹಂಚಿ, ಕಣ್ಣಿಟ್ಟಿರಲು ಹೇಳಿ. ಅವರಿಗೂ ಆಟ.

ಎರಡನೆಯದು ಹಬ್ಬರ್ಡ್. ಸಮುದ್ರಕ್ಕೆ ಇಳಿಯುವ ಮುಖವೇ ಸುಮಾರು ಹತ್ತು ಕಿಲೋಮೀಟರ್ ಅಗಲ. ಸುತ್ತಲಿನ ಹಿಮನದಿಗಳು ಹಿಂದೆ ಸರಿಯುತ್ತಿದ್ದರೆ ಇದು ಮುಂದೆ ಬರುತ್ತಿದೆ. 1986ರಲ್ಲಿ ಮತ್ತು 2002ರಲ್ಲಿ ಪಕ್ಕದ ರಸೆಲ್ ಫಿಯರ್ಡ್ ಅನ್ನುವ ಕಿರಿದಾದ ಕೊಲ್ಲಿಯ ಬಾಯಿಯನ್ನೇ ಮುಚ್ಚಿಬಿಟ್ಟಿತ್ತು. ತೇಲುವ ಮಂಜು ಜಾಸ್ತಿ ಇದ್ದ ದಿನ ಹಡಗು ಹತ್ತಿರ ಹೋಗುವುದಿಲ್ಲ.

ಮೂರನೆಯದು ಜೂನೋ ಹತ್ತಿರದ ಎಂಡಿಕಾಟ್ ಆರ್ಮ್ ಅನ್ನುವ ಕಿರಿದಾದ ಕೊಲ್ಲಿ, ಅದರ ಕೊನೆಯಲ್ಲಿ ಡಾಸ್ ಹಿಮನದಿ. ಕಡಿದಾದ ಕಲ್ಲಿನ ಗೋಡೆಗಳು, ಜಲಪಾತಗಳು, ತೇಲುವ ಮಂಜಿನ ಮೇಲೆ ಮರಿಗಳ ಜೊತೆ ಮಲಗಿದ ಸೀಲ್‌ಗಳು. ಪಕ್ಕದ ಟ್ರೇಸಿ ಆರ್ಮ್‌ನಲ್ಲಿ 2025ರ ಆಗಸ್ಟ್‌ನಲ್ಲಿ ಭಾರಿ ಭೂಕುಸಿತವಾಗಿ ಸುನಾಮಿ ಎದ್ದಿತ್ತು. ಹಳೆಯ ಪ್ರವಾಸ ಕಥನಗಳಲ್ಲಿ ಟ್ರೇಸಿ ಆರ್ಮ್ ಹೊಗಳಿಕೆ ಓದಿ ಅದನ್ನೇ ಹುಡುಕಬೇಡಿ.

ನನ್ನ ಆಯ್ಕೆ? ಗ್ಲೇಸಿಯರ್ ಬೇ. ಅದಕ್ಕಾಗಿ ಹಡಗು ಹಳೆಯದಾದರೂ ಪರವಾಗಿಲ್ಲ.

ಹಿಮಕರಡಿ, ಪೆಂಗ್ವಿನ್ ಕಾಣುತ್ತವಾ?

ಇಲ್ಲ. ಹಿಮಕರಡಿ ಇರುವುದು ಅಲಾಸ್ಕಾದ ತುತ್ತತುದಿಯ ಉತ್ತರ ಮತ್ತು ವಾಯವ್ಯ ಕರಾವಳಿಯಲ್ಲಿ, ಕ್ರೂಸ್ ದಾರಿಯಿಂದ ಬಹಳ ದೂರ. ಪೆಂಗ್ವಿನ್ ಅಲಾಸ್ಕಾದಲ್ಲೇ ಇಲ್ಲ. ಹೊರಡುವ ಮೊದಲೇ ಮಕ್ಕಳಿಗೆ ಹೇಳಿಬಿಡಿ.

ಹಾಗಾದರೆ ಏನೇನು ಕಾಣುತ್ತದೆ?

ಹಂಪ್‌ಬ್ಯಾಕ್ ತಿಮಿಂಗಿಲ ಬೇಸಿಗೆಯಲ್ಲಿ ಗ್ಯಾರಂಟಿ ಅನ್ನುವಷ್ಟು ಕಾಣುತ್ತದೆ. ಚಳಿಗಾಲದಲ್ಲಿ ಇವು ಹವಾಯಿಯ ಬೆಚ್ಚಗಿನ ನೀರಿನಲ್ಲಿ ಮರಿ ಹಾಕುತ್ತವೆ, ಅಲ್ಲಿ ತಿನ್ನುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆಮೇಲೆ ಸುಮಾರು 4,800 ಕಿಲೋಮೀಟರ್ ಈಜಿ ಇಲ್ಲಿಗೆ ಬಂದು ಬೇಸಿಗೆಯಿಡೀ ಹೆರಿಂಗ್ ಮೀನು, ಸೀಗಡಿಯಂಥ ಕ್ರಿಲ್ ತಿಂದು ಮೈ ತುಂಬಿಕೊಳ್ಳುತ್ತವೆ. ಅದೃಷ್ಟ ಇದ್ದರೆ ಕೆಲವು ತಿಮಿಂಗಿಲ ಸೇರಿ ಗುಳ್ಳೆಗಳ ಬಲೆ ಹೆಣೆಯುವುದನ್ನು ನೋಡಬಹುದು. ಕೆಳಗಿನಿಂದ ಗುಳ್ಳೆ ಬಿಡುತ್ತಾ ಮೀನಿನ ಹಿಂಡನ್ನು ಸುತ್ತುಗಟ್ಟಿ, ಒಟ್ಟಿಗೇ ಬಾಯಿ ತೆರೆದುಕೊಂಡು ಮೇಲೆ ನುಗ್ಗುತ್ತವೆ. ಅದಕ್ಕೂ ಮೊದಲು ಸುಳಿವು ಕೊಡುವುದು ಕಡಲಕಾಗೆಗಳು. ಅವು ಒಂದೇ ಜಾಗದ ಮೇಲೆ ಕಿರುಚಿಕೊಂಡು ಸುತ್ತುತ್ತಿದ್ದರೆ ಅಲ್ಲೇ ಕಣ್ಣಿಡಿ.

ಓರ್ಕಾ ಕಾಣುವುದು ಅದೃಷ್ಟದ ಮಾತು. ಹೆಸರಿಗೆ ತಿಮಿಂಗಿಲ, ಕುಲ ಡಾಲ್ಫಿನ್‌ನದು. ಬಿಳಿ ತಲೆಯ ಬಾಲ್ಡ್ ಈಗಲ್ ಮಾತ್ರ ಎಲ್ಲೆಲ್ಲೂ. ಕೆಚಿಕಾನ್‌ನಲ್ಲಿ ಲೈಟ್ ಕಂಬದ ಮೇಲೂ ಕೂತಿರುತ್ತವೆ. ಹಡಗಿನ ದಾರಿ ತೋರಿಸುವ ತೇಲುಗುರುತುಗಳ ಮೇಲೆ ಒಂದರ ಮೇಲೊಂದು ಬಿದ್ದುಕೊಂಡು ಜಗಳ ಕಾಯುವ ಕಡಲಸಿಂಹಗಳು. ಬೆನ್ನು ಕೆಳಗೆ ಮಾಡಿ ತೇಲುತ್ತಾ ಹೊಟ್ಟೆಯ ಮೇಲೆ ಮರಿ ಮಲಗಿಸಿಕೊಂಡ ಕಡಲ ನೀರುನಾಯಿಗಳು, ಇವು ನಮ್ಮ ತುಂಗಭದ್ರೆಯ ನೀರುನಾಯಿಯ ದೊಡ್ಡಪ್ಪನ ಮಕ್ಕಳು. ಗ್ಲೇಸಿಯರ್ ಬೇಯ ಬಂಡೆಗಳಲ್ಲಿ ಬೆಟ್ಟದ ಮೇಕೆಗಳಿವೆ. ಬರಿಗಣ್ಣಿಗೆ ಬಿಳಿ ಚುಕ್ಕೆ, ಬೈನಾಕ್ಯುಲರ್‌ನಲ್ಲಿ ಗಡ್ಡ ಕೂಡ ಕಾಣುತ್ತದೆ.

ಬೈನಾಕ್ಯುಲರ್ ಅಂದೆನಲ್ಲ, ಮನೆಗೊಂದು ಸಾಲದು. ಅಜ್ಜಿಗೊಂದು, ಮಕ್ಕಳಿಗೊಂದು. 8x42 ಅಳತೆಯದು ಸಾಕು, ಅದಕ್ಕಿಂತ ಜಾಸ್ತಿ ಜೂಮ್ ಇದ್ದರೆ ಕೈ ನಡುಗಿ ಏನೂ ಕಾಣುವುದಿಲ್ಲ.

ಕರಡಿ?

ಹಡಗಿನಿಂದ ದೂರದ ದಡದಲ್ಲಿ ಕಂದು ಚುಕ್ಕೆಯಾಗಿ ಕಾಣಬಹುದು. ಹತ್ತಿರದಿಂದ ನೋಡಲು ಸಣ್ಣ ವಿಮಾನ ಅಥವಾ ದೋಣಿಯಲ್ಲಿ ಹೋಗುವ ಪ್ರತ್ಯೇಕ ಟೂರ್ ಬೇಕು, ಅದು ದುಬಾರಿ. ಜೂನೋದ ಮೆಂಡೆನ್‌ಹಾಲ್ ಹಿಮನದಿಯ ಪಕ್ಕದ ಸ್ಟೀಪ್ ಕ್ರೀಕ್‌ನಲ್ಲಿ ಸಾಲ್ಮನ್ ಬರುವ ಕಾಲಕ್ಕೆ ಕಪ್ಪು ಕರಡಿಗಳು ಬರುತ್ತವೆ. ಎತ್ತರದ ಮರದ ದಾರಿಯಿಂದ ನೋಡಬಹುದು. ಜೇಬಿನಲ್ಲಿ ತಿಂಡಿ ಇಟ್ಟುಕೊಂಡು ಹೋಗಬೇಡಿ, ಕರಡಿ ಎದುರಾದರೆ ಓಡಬೇಡಿ.

ಹಡಗಿನಿಂದಲೇ ತಿಮಿಂಗಿಲ ಕಾಣುತ್ತದೆ ಅಂದಮೇಲೆ ಬೇರೆ ದೋಣಿಗೆ ಸುಮ್ನೆ ದುಡ್ಡು ಯಾಕೆ?

ಹಡಗಿನ ಹತ್ತನೇ ಮಹಡಿಯಿಂದ ಕಾಣುವುದು ದೂರದ ಉಸಿರಿನ ಹೊಗೆ ಮತ್ತು ಬಾಲ. ಜೂನೋದ ಆಕ್ ಬೇಯಿಂದ ಅಥವಾ ಐಸಿ ಸ್ಟ್ರೇಟ್ ಪಾಯಿಂಟ್ ಬಂದರಿನಿಂದ ಹೊರಡುವ ಸಣ್ಣ ದೋಣಿಯಲ್ಲಿ ನೀವು ನೀರಿನ ಮಟ್ಟದಲ್ಲಿರುತ್ತೀರಿ. ಹಂಪ್‌ಬ್ಯಾಕ್‌ನಿಂದ ನೂರು ಗಜ ದೂರ ಇರಬೇಕು ಅನ್ನುವುದು ಕಾನೂನು. ಆದರೂ ಅದು ಉಸಿರು ಬಿಟ್ಟಾಗ ಬಸ್ಸಿನ ಏರ್ ಬ್ರೇಕ್ ಬಿಟ್ಟಂಥ ಸದ್ದು ಸ್ಪಷ್ಟ ಕೇಳುತ್ತದೆ. ಗಾಳಿ ನಿಮ್ಮ ಕಡೆಗಿದ್ದರೆ ಕೊಳೆತ ಮೀನಿನ ವಾಸನೆಯೂ ಬರುತ್ತದೆ. ಒಬ್ಬರಿಗೆ ಸುಮಾರು 150ರಿಂದ 200 ಡಾಲರ್. ಒಂದೇ ಟೂರ್‌ಗೆ ಬಜೆಟ್ ಇದ್ದರೆ ಇದಕ್ಕೇ ಹಾಕಿ.

ಊರುಗಳಲ್ಲಿ ಏನು ಮಾಡುವುದು?

ಜೂನೋ ಅಲಾಸ್ಕಾದ ರಾಜಧಾನಿ. ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ, ವಿಮಾನ ಇಲ್ಲವೇ ಹಡಗು. ತಿಮಿಂಗಿಲ ಮತ್ತು ಮೆಂಡೆನ್‌ಹಾಲ್, ಎರಡೂ ಒಂದೇ ದಿನ ಸಾಧ್ಯ. ನಗರದ ಬಸ್ಸು ಅಗ್ಗ, ಆದರೆ ಹಿಮನದಿಗೆ ಸುಮಾರು ಎರಡೂವರೆ ಕಿಲೋಮೀಟರ್ ಮೊದಲೇ ಇಳಿಸುತ್ತದೆ. ಹಿರಿಯರಿದ್ದರೆ ಶಟಲ್ ಹಿಡಿಯಿರಿ. ಅಲ್ಲಿಂದ ನಗೆಟ್ ಜಲಪಾತದ ದಾರಿ ಸಮತಟ್ಟು, ಅಜ್ಜಿ-ತಾತ ನಿಧಾನಕ್ಕೆ ನಡೆಯಬಹುದು. 2023, 2024, 2025, ಮೂರೂ ವರ್ಷ ಆಗಸ್ಟ್‌ನಲ್ಲಿ ಮೇಲೆ ಮಂಜು ತಡೆದಿಟ್ಟಿದ್ದ ನೀರು ಒಮ್ಮೆಲೇ ನುಗ್ಗಿ ಇಲ್ಲಿ ಪ್ರವಾಹ ಬಂದಿತ್ತು. ಆ ತಿಂಗಳು ಹೋಗುವವರು ಹಿಂದಿನ ದಿನ ಸುದ್ದಿ ನೋಡಿಕೊಳ್ಳಿ.

ಸ್ಕಾಗ್ವೇಯಲ್ಲಿ ವೈಟ್ ಪಾಸ್ ರೈಲು. 1898ರಿಂದ 1900ರ ನಡುವೆ, ಕೆನಡಾದ ಕ್ಲಾಂಡೈಕ್‌ಗೆ ಚಿನ್ನ ಹುಡುಕಿಕೊಂಡು ಜನ ಮುಗಿಬಿದ್ದ ಕಾಲದಲ್ಲಿ ಹಾಕಿದ ಮೂರಡಿ ಅಗಲದ ಹಳಿ. ಸುಮಾರು 32 ಕಿಲೋಮೀಟರ್‌ನಲ್ಲಿ 870 ಮೀಟರ್ ಏರುತ್ತದೆ. ಹೋಗುವಾಗ ಎಡಗಡೆ ಕೂತರೆ ಕಣಿವೆ ಕಾಣುತ್ತದೆ. ಆ ಕಾಲದಲ್ಲಿ ಗಡಿ ದಾಟುವ ಪ್ರತಿಯೊಬ್ಬ ಚಿನ್ನ ಹುಡುಕುವವನೂ ವರ್ಷಕ್ಕಾಗುವ ಸಾಮಾನು, ಹತ್ತಿರ ಹತ್ತಿರ ಒಂದು ಟನ್, ಹೊತ್ತು ತರಬೇಕು ಅಂತ ಕೆನಡಾ ಪೊಲೀಸರ ನಿಯಮ. ಕುದುರೆಗಳು ಸಾವಿರಗಟ್ಟಲೆ ಈ ಕಣಿವೆಯಲ್ಲಿ ಸತ್ತವು. ರೈಲಿನಲ್ಲಿ ಬೆಚ್ಚಗೆ ಕೂತು ಇದನ್ನು ಕೇಳುವಾಗ ಸ್ವಲ್ಪ ಕಸಿವಿಸಿಯಾಗುತ್ತದೆ.

ಕೆಚಿಕಾನ್‌ನಲ್ಲಿ ಮಳೆ. ವರ್ಷಕ್ಕೆ ಸುಮಾರು 3,800 ಮಿಲಿಮೀಟರ್. ಆಗುಂಬೆಯವರಿಗೆ ಇದೇನು ಮಹಾ ಅನ್ನಿಸಬಹುದು, ಆದರೆ ಇದು ತಣ್ಣನೆ ಮಳೆ. ಮೂಲನಿವಾಸಿಗಳು ಮರದಲ್ಲಿ ಕೆತ್ತಿದ ಟೋಟೆಮ್ ಕಂಬಗಳನ್ನು ಸ್ಯಾಕ್ಸ್‌ಮನ್‌ನಲ್ಲಿ ಅಥವಾ ಟೋಟೆಮ್ ಬೈಟ್‌ನಲ್ಲಿ ನೋಡಿ. ಆಗಸ್ಟ್‌ನಲ್ಲಿ ಕ್ರೀಕ್ ಸ್ಟ್ರೀಟ್ ಹತ್ತಿರದ ಸೇತುವೆ ಮೇಲೆ ನಿಂತರೆ ಕೆಳಗೆ ನೀರು ಕಾಣುವುದಿಲ್ಲ, ಮೀನಿನ ಬೆನ್ನುಗಳೇ. ಮೊಟ್ಟೆಯಿಟ್ಟು ಸತ್ತ ಮೀನುಗಳ ವಾಸನೆ ಜೋರು, ಅದಕ್ಕೆ ತಯಾರಾಗಿ ಹೋಗಿ. ಕೆಲವು ಹಡಗುಗಳು ಊರಿನಲ್ಲಲ್ಲ, ಕೆಲವು ಮೈಲಿ ಆಚೆ ವಾರ್ಡ್ ಕೋವ್‌ನಲ್ಲಿ ನಿಲ್ಲುತ್ತವೆ. ಬಸ್ಸಿನ ಹೊತ್ತು ಲೆಕ್ಕ ಹಾಕಿಕೊಳ್ಳಿ.

ಸಿಟ್ಕಾ ಸಿಕ್ಕರೆ ಬಿಡಬೇಡಿ. 1867ರಲ್ಲಿ ರಷ್ಯಾ 72 ಲಕ್ಷ ಡಾಲರ್‌ಗೆ ಅಲಾಸ್ಕಾವನ್ನು ಮಾರಿದಾಗ ಬಾವುಟ ಇಳಿದದ್ದು ಅಲ್ಲೇ.

ಟೂರ್‌ಗಳನ್ನು ಹಡಗಿನವರ ಹತ್ತಿರವೇ ಬುಕ್ ಮಾಡಬೇಕಾ?

ಹೊರಗೆ ಬುಕ್ ಮಾಡಿದರೆ ಅಗ್ಗ, ಗುಂಪೂ ಚಿಕ್ಕದು. ಆದರೆ ತಡವಾದರೆ ಹಡಗು ಕಾಯುವುದಿಲ್ಲ. ಹಡಗಿನವರ ಟೂರ್ ಆದರೆ ಕಾಯುತ್ತದೆ. ತಿಮಿಂಗಿಲದ ದೋಣಿ ಹೊರಗೆ ಮಾಡಿ, ದೂರ ಹೋಗುವ ಟೂರ್ ಹಡಗಿನಲ್ಲೇ ಮಾಡಿ. ಹೆಲಿಕಾಪ್ಟರ್ ಟೂರ್ ಮೋಡ ಇದ್ದರೆ ಕ್ಯಾನ್ಸಲ್ ಆಗುತ್ತದೆ. ಹಣ ವಾಪಸ್ ಬರುತ್ತದೆ, ಆ ದಿನ ಮಾತ್ರ ಖಾಲಿ. ಅಲಾಸ್ಕಾ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ, ಹಡಗಿನ ಗಡಿಯಾರ ನೋಡಿ ಹೊರಡಿ.

ಬಾಲ್ಕನಿ ಕ್ಯಾಬಿನ್ ಬೇಕೇ ಬೇಕಾ?

ಹಿರಿಯರಿಗೆ ಕೊಡಿಸಿ. ಶಾಲು ಹೊದ್ದು ಕಾಫಿ ಕುಡಿಯುತ್ತಾ ಕೂರಲು ಅದಕ್ಕಿಂತ ಜಾಗ ಇಲ್ಲ. ಮಕ್ಕಳಿರುವವರಿಗೆ ಒಳಗಿನ ಕ್ಯಾಬಿನ್ ಸಾಕು, ಹೇಗೂ ಡೆಕ್ ಮೇಲೇ ಇರುತ್ತೀರಿ. ಉಳಿದ ದುಡ್ಡು ಟೂರ್‌ಗೆ. ಎಡವೋ ಬಲವೋ ಅಂತ ತಲೆ ಕೆಡಿಸಿಕೊಳ್ಳಬೇಡಿ, ಹಿಮನದಿಯ ಮುಂದೆ ಹಡಗು ನಿಧಾನಕ್ಕೆ ತಿರುಗುತ್ತದೆ.

ಎಷ್ಟು ಚಳಿ? ಅಮ್ಮ ಸೀರೆ ಬಿಟ್ಟು ಬೇರೆ ಉಡುವುದಿಲ್ಲ.

ಊರುಗಳಲ್ಲಿ 12ರಿಂದ 18 ಡಿಗ್ರಿ. ಹಿಮನದಿಯ ದಿನ ಗಾಳಿಯೂ ಸೇರಿ ಐದು ಡಿಗ್ರಿ ಅನ್ನಿಸುತ್ತದೆ. ಒಂದು ದಪ್ಪ ಕೋಟಿಗಿಂತ ಪದರ ಪದರವಾಗಿ ಹಾಕಿಕೊಳ್ಳುವುದು ಮೇಲು. ಒಳಗೆ ಥರ್ಮಲ್, ನಡುವೆ ಫ್ಲೀಸ್, ಮೇಲೆ ಮಳೆ ತಡೆಯುವ ಜಾಕೆಟ್. ಜೀನ್ಸ್ ಒದ್ದೆಯಾದರೆ ಒಣಗುವುದಿಲ್ಲ. ಅಮ್ಮನಿಗೆ ಸೀರೆಯ ಒಳಗೆ ಥರ್ಮಲ್ ಪ್ಯಾಂಟ್, ಉಣ್ಣೆ ಕಾಲುಚೀಲ, ಹಿಡಿತ ಇರುವ ಶೂ. ಚಪ್ಪಲಿ ಬೇಡವೇ ಬೇಡ, ಡೆಕ್ ಒದ್ದೆಯಿರುತ್ತದೆ. ದೋಣಿ ಹತ್ತುವ ದಿನ ಮಾತ್ರ ಚೂಡಿದಾರಕ್ಕೆ ಒಪ್ಪಿಸಿ. ಅಪ್ಪನ ಮಂಕಿ ಕ್ಯಾಪ್‌ಗೆ ಕೊನೆಗೂ ಅದರ ಜಾಗ ಸಿಗುತ್ತದೆ, ನಗಬೇಡಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ದೊಡ್ಡ ಹಡಗುಗಳಲ್ಲಿ ತೊಂದರೆಯಿಲ್ಲ. ಅಡುಗೆ ಮನೆಯಲ್ಲಿ ಭಾರತದವರೇ ಎಷ್ಟೋ ಜನ ಇರುತ್ತಾರೆ. ಬುಕ್ ಮಾಡುವಾಗಲೇ "ಇಂಡಿಯನ್ ವೆಜಿಟೇರಿಯನ್" ಅಂತ ಬರೆಸಿ. ಮೊದಲ ರಾತ್ರಿ ಊಟದ ಹಾಲ್‌ನಲ್ಲಿ ಹೆಡ್ ವೇಟರ್ ಹತ್ತಿರ ಮಾತಾಡಿದರೆ ಮರುದಿನದಿಂದ ದಾಲ್, ಪಲ್ಯ, ಚಪಾತಿ ಮಾಡಿಸಿ ಕೊಡುತ್ತಾರೆ. ಈರುಳ್ಳಿ-ಬೆಳ್ಳುಳ್ಳಿ ಬೇಡ ಅನ್ನುವವರು ಇನ್ನೂ ಮುಂಚೆ ಹೇಳಬೇಕು. ರುಚಿ ಉತ್ತರ ಭಾರತದ್ದೇ. ಸಾರು ಸಿಗುವುದಿಲ್ಲ ಅಂತ ಅಪ್ಪ ಗೊಣಗುವುದು ಖಂಡಿತ.

ಸೀಲ್ ಮಾಡಿದ ಪ್ಯಾಕೆಟ್‌ನ ಚಟ್ನಿಪುಡಿ, ಕೋಡುಬಳೆ, ಉಪ್ಪಿನಕಾಯಿ ತೆಗೆದುಕೊಂಡು ಹೋಗಿ. ಮನೆಯಲ್ಲಿ ಮಾಡಿದ ಅಡುಗೆಯನ್ನು ಹಡಗಿನವರು ಒಪ್ಪುವುದಿಲ್ಲ. ರೈಸ್ ಕುಕ್ಕರ್, ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿ ಪೆಟ್ಟಿಗೆ ಬ್ಯಾಗಿನಲ್ಲಿ ಸಿಕ್ಕರೆ ಎತ್ತಿಟ್ಟುಕೊಂಡು ಕೊನೆಯ ದಿನ ಕೊಡುತ್ತಾರೆ. ಬಫೆಯ ಬಾಳೆಹಣ್ಣನ್ನು ಚೀಲದಲ್ಲಿಟ್ಟು ಊರಿಗೆ ಇಳಿಯಬೇಡಿ, ಹಣ್ಣು-ತರಕಾರಿ ಹೊರಗೆ ತೆಗೆದುಕೊಂಡು ಹೋಗುವಂತಿಲ್ಲ.

ವಾಂತಿ ಬಂದರೆ?

ದ್ವೀಪಗಳ ನಡುವಿನ ದಾರಿಯಲ್ಲಿ ಹಡಗು ಚಲಿಸುತ್ತಿದೆ ಅಂತಲೂ ಗೊತ್ತಾಗುವುದಿಲ್ಲ. ತೆರೆದ ಸಮುದ್ರದ ಭಾಗದಲ್ಲಿ ಮಾತ್ರ ಎಚ್ಚರ. ನಡುಭಾಗದ, ಕೆಳಮಹಡಿಯ ಕ್ಯಾಬಿನ್ ಕಡಿಮೆ ಆಡುತ್ತದೆ. ಮಾತ್ರೆ ತಲೆ ಸುತ್ತುವ ಮೊದಲೇ ತಗೊಳ್ಳಬೇಕು, ಹಿರಿಯರು ತಮ್ಮ ಡಾಕ್ಟರನ್ನು ಕೇಳಿ ತಗೊಳ್ಳಲಿ. ಶುಂಠಿ ಬಾಯಲ್ಲಿಟ್ಟುಕೊಂಡರೂ ಆಗುತ್ತದೆ. ಹೊಟ್ಟೆ ಕೆಡುವುದು ಬೇರೆ ವಿಷಯ. ಹಡಗಿನಲ್ಲಿ ಹರಡುವ ನೋರೋವೈರಸ್‌ಗೆ ಸ್ಯಾನಿಟೈಸರ್ ಸಾಲದು, ಸೋಪು ಹಾಕಿ ಕೈ ತೊಳೆಯಬೇಕು.

ಕೈಗೂಸನ್ನು ಕರೆದುಕೊಂಡು ಹೋಗಬಹುದಾ?

ಹೆಚ್ಚಿನ ಕಂಪನಿಗಳಲ್ಲಿ ಆರು ತಿಂಗಳು ತುಂಬಿರಬೇಕು. ಸಮುದ್ರದ ಮೇಲೇ ಹೆಚ್ಚು ದಿನ ಕಳೆಯುವ ಪ್ರವಾಸಕ್ಕೆ ಒಂದು ವರ್ಷ.

ಅಪ್ಪ-ಅಮ್ಮನಿಗೆ ವಿಸಿಟರ್ ಇನ್ಶೂರೆನ್ಸ್ ಇದೆ. ಸಾಕಲ್ಲ?

ಪಾಲಿಸಿ ತೆಗೆದು ಓದಿ. ಎಷ್ಟೋ ಪಾಲಿಸಿಗಳಲ್ಲಿ ಕೆನಡಾ, ಹಡಗಿನ ವೈದ್ಯರು ಸೇರಿರುವುದಿಲ್ಲ. ಹಳೆಯ ಕಾಯಿಲೆಗಳ ವಿಷಯವೂ ಹಾಗೇ. ಹಡಗಿನ ಆಸ್ಪತ್ರೆಯ ಬಿಲ್ ದುಬಾರಿ. ಸೀರಿಯಸ್ ಆದರೆ ಹೆಲಿಕಾಪ್ಟರ್ ಇಲ್ಲವೇ ವಿಮಾನದಲ್ಲಿ ಸಾಗಿಸಬೇಕಾಗುತ್ತದೆ. ತುರ್ತು ಸಾಗಣೆಯ ಖರ್ಚು ಸೇರಿರುವ ಪ್ರವಾಸ ವಿಮೆಯನ್ನೇ ತಗೊಳ್ಳಿ. ಬಿಪಿ, ಶುಗರ್ ಮಾತ್ರೆಗಳನ್ನು ಕೈಚೀಲದಲ್ಲಿಡಿ. ದೊಡ್ಡ ಸೂಟ್‌ಕೇಸ್ ಕ್ಯಾಬಿನ್‌ಗೆ ಬರುವಾಗ ಸಂಜೆಯಾಗುತ್ತದೆ.

ಟಿಕೆಟ್ ದರ ಬಿಟ್ಟು ಇನ್ನೇನು ಖರ್ಚು?

ಬಂದರಿನ ತೆರಿಗೆ, ದಿನಕ್ಕೆ ಒಬ್ಬರಿಗೆ ಸುಮಾರು 16ರಿಂದ 20 ಡಾಲರ್ ಟಿಪ್ಸ್ (ಮಕ್ಕಳಿಗೂ ಹಾಕುತ್ತಾರೆ), ವೈಫೈ, ಟೂರ್‌ಗಳು, ಹಿಂದಿನ ರಾತ್ರಿಯ ಹೋಟೆಲ್. ಹೋಟೆಲ್ ಉಳಿಸಲು ಹಡಗು ಹೊರಡುವ ದಿನವೇ ವಿಮಾನದಲ್ಲಿ ಬರಬೇಡಿ. ಒಂದು ಕ್ಯಾಬಿನ್‌ನಲ್ಲಿ ಮೂರನೆಯ, ನಾಲ್ಕನೆಯವರಿಗೆ ದರ ಕಡಿಮೆ. ನಾಲ್ಕು ಜನರ ಕ್ಯಾಬಿನ್‌ಗಳು ಬೇಗ ಖಾಲಿಯಾಗುತ್ತವೆ, ಬೇಸಿಗೆ ರಜೆಗೆ ಹಿಂದಿನ ವರ್ಷವೇ ಬುಕ್ ಮಾಡಿ.

ಫೋನ್ ಕೆಲಸ ಮಾಡುತ್ತಾ?

ಊರುಗಳಲ್ಲಿ ಮಾಡುತ್ತದೆ. ಹಡಗು ಹೊರಟ ತಕ್ಷಣ ಏರೋಪ್ಲೇನ್ ಮೋಡ್ ಹಾಕಿ, ಅಪ್ಪ-ಅಮ್ಮನ ಫೋನಿಗೂ. ಸಮುದ್ರದ ನೆಟ್‌ವರ್ಕ್ ತಾನಾಗೇ ಹಿಡಿದುಕೊಂಡರೆ ಬಿಲ್ ನೋಡಿ ಗಾಬರಿಯಾಗುತ್ತೀರಿ.

ನಾರ್ದರ್ನ್ ಲೈಟ್ಸ್ (ರಾತ್ರಿ ಆಕಾಶದ ಬಣ್ಣದ ಬೆಳಕು) ಕಾಣುತ್ತಾ?

ಜೂನ್-ಜುಲೈನಲ್ಲಿ ಕತ್ತಲೇ ಸರಿಯಾಗಿ ಆಗುವುದಿಲ್ಲ, ಕಾಣುವುದೆಲ್ಲಿಂದ? ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಮೋಡ ಇಲ್ಲದ ರಾತ್ರಿ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು.

ಡೆನಾಲಿಗೂ ಹೋಗಬೇಕಾ?

ಇನ್ನೂ ಮೂರು-ನಾಲ್ಕು ದಿನ ರಜೆ ಇದ್ದರೆ ಹೋಗಿ. ಮೂಸ್, ಕ್ಯಾರಿಬೂ ಅನ್ನುವ ದೊಡ್ಡ ಜಿಂಕೆಗಳು, ಗ್ರಿಜ್ಲಿ ಕರಡಿ ಇರುವುದು ಆ ಕಡೆ. 6,190 ಮೀಟರ್ ಎತ್ತರದ ಶಿಖರ ಬಂದವರಲ್ಲಿ ಮೂರರಲ್ಲಿ ಒಬ್ಬರಿಗೆ ಕಂಡರೆ ಹೆಚ್ಚು, ಉಳಿದವರಿಗೆ ಮೋಡ. ಪಾರ್ಕಿನ ಒಳರಸ್ತೆ 2021ರ ಭೂಕುಸಿತದಿಂದ 45ನೇ ಮೈಲಿಯ ಹತ್ತಿರ ಕಡಿದಿತ್ತು. ಬಸ್ ಎಲ್ಲಿವರೆಗೆ ಹೋಗುತ್ತದೆ ಅಂತ ಕೇಳಿಯೇ ಟಿಕೆಟ್ ತಗೊಳ್ಳಿ. ಮಂಡಿನೋವು ಇರುವವರಿಗೆ ದಿನವಿಡೀ ಬಸ್ಸಿನಲ್ಲಿ ಕೂರುವುದು ಕಷ್ಟ.

ಕ್ರೂಸ್ ಬೇಡ, ನಾವೇ ಹೋಗಬಹುದಾ?

ಹೋಗಬಹುದು. 1963ರಿಂದ ಅಲಾಸ್ಕಾ ಸರ್ಕಾರದ ಫೆರ‍್ರಿಗಳು ಇದೇ ದಾರಿಯಲ್ಲಿ ಓಡುತ್ತಿವೆ. ಸಿಯಾಟಲ್‌ನ ಉತ್ತರಕ್ಕಿರುವ ಬೆಲಿಂಗ್‌ಹ್ಯಾಮ್‌ನಿಂದ ಹತ್ತಿ ಕೆಚಿಕಾನ್, ಜೂನೋದಲ್ಲಿ ಬೇಕಾದಷ್ಟು ದಿನ ಉಳಿದು, ಮುಂದಿನ ಫೆರ‍್ರಿ ಹಿಡಿಯಬಹುದು. ಮ್ಯಾಜಿಕ್ ಶೋ ಇಲ್ಲ, ಬಫೆ ಇಲ್ಲ, ಡೆಕ್ ಮೇಲೆ ಟೆಂಟ್ ಹಾಕಿಕೊಂಡು ಮಲಗುವವರೂ ಇದ್ದಾರೆ. ದೊಡ್ಡ ಮಕ್ಕಳಿರುವ ಮನೆಯವರಿಗೆ ಚೆಂದ. ಅಜ್ಜಿ-ತಾತನ ಜೊತೆ ಹೋಗುವುದಾದರೆ ಕ್ಯಾಬಿನ್ ಸಿಗದ ಹೊರತು ಬೇಡ. ಫೆರ‍್ರಿ ದಿನಾ ಇರುವುದಿಲ್ಲ, ವೇಳಾಪಟ್ಟಿ ನೋಡಿಕೊಂಡು ಆಮೇಲೆ ರಜೆ ಹಾಕಿ.